ನಡೆಸುಮಾತು, ಕರೆಮಾತು

ನಮ್ಮೂರಿನ ನೀರು ಹೇಳಿದ ಮಾತು ಕೇಳುತ್ತದೆ. ಹೇಳದಿದ್ದರೆ ಹೊಂಡದಲ್ಲಿ ಮಲಗಿರುತ್ತದೆ. ಊರು ಇರುವುದು ಗುಡ್ಡದ ಮೈಮೇಲೆ, ಹೊಂಡ ಇರುವುದು ಗುಡ್ಡದ ಬುಡದಲ್ಲಿ. ಆದ್ದರಿಂದ ದಿನಾ ಬೆಳಿಗ್ಗೆ ಒಬ್ಬರು ಹೊಂಡದ ಮೆಟ್ಟಿಲ ಮೇಲೆ ಕುಳಿತು ನೀರನ್ನು ಎಬ್ಬಿಸಿ, ಯಾವ ಓಣಿ ಹತ್ತಬೇಕು, ಯಾರ ಮನೆಯ ಹರವಿ, ಅಂದರೆ ನೀರಿನ ದೊಡ್ಡ ಗಡಿಗೆ, ತುಂಬಬೇಕು ಎಂದು ಹೇಳಿ ಕಳಿಸಬೇಕು. ಆ ಕೆಲಸದವರನ್ನು ನಾವು ನೀರುಗಂಟಿ ಎನ್ನುತ್ತೇವೆ. ನನ್ನ ಹೆಂಡತಿ ನಿಂಬೆವ್ವ ಊರಿನ ನೀರುಗಂಟಿ. ನಾನು ಹಾಲಪ್ಪ, ಗಡಿಗೆ ಮಾಡುವವನು. ಅವಳು ಕಳಿಸಿದ ನೀರು ನಾನು ಮಾಡಿದ ಮಣ್ಣಿನಲ್ಲಿ ನಿಲ್ಲುತ್ತದೆ. ನಮ್ಮ ಸಂಸಾರದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ.

ನೀರಿಗೆ ಹೇಳುವ ಮಾತು ನಾವು ನೀವು ಜಗಲಿಯ ಮೇಲೆ ಆಡುವ ಮಾತಲ್ಲ. ಅದಕ್ಕೆ ನಡೆಸುಮಾತು ಎಂದು ಹೆಸರು. ನನ್ನ ಅವ್ವನಿಗೆ ಅದು ಅವಳ ಅತ್ತೆಯಿಂದ ಬಂದಿತ್ತು, ನಿಂಬೆವ್ವನಿಗೆ ನನ್ನ ಅವ್ವನಿಂದ. ನಡೆಸುಮಾತಿನಲ್ಲಿ ಎಲ್ಲವನ್ನೂ ಹೇಳಬೇಕು. ಏಳು, ಮೆಟ್ಟಿಲು ಹತ್ತು, ಬಲಕ್ಕೆ ಹೊರಳು, ಬೇವಿನ ಗಿಡದ ಹತ್ತಿರ ತುಸು ಎಡಕ್ಕೆ ವಾಲು, ಮೊದಲ ಬಾಗಿಲಿಗೆ ನಿಲ್ಲು, ಬಾಗಿಲು ತೆರೆದಿದ್ದರೆ ಒಳಗೆ ಹೋಗು, ಮುಚ್ಚಿದ್ದರೆ ಹೊಸ್ತಿಲಲ್ಲಿ ಕಾದಿರು, ಹರವಿ ತುಂಬುವ ತನಕ ಸುರಿ, ತುಂಬಿದರೆ ನಿಲ್ಲಿಸಿ ಮುಂದಿನ ಮನೆಗೆ ನಡೆ. ಹೀಗೆ ಊರಿನ ಕಟ್ಟಕಡೆಯ ಮನೆಯ ತನಕ. ಒಂದು ಮಾತು ಬಿಟ್ಟರೆ ನೀರು ಅಲ್ಲಿಯೇ ನಿಲ್ಲುತ್ತದೆ, ಇಲ್ಲವೇ ಹಿಂದೆ ಹೇಳಿದ್ದನ್ನೇ ಮಾಡುತ್ತ ಹೋಗುತ್ತದೆ. ಸುರಿ ಎಂದವರು ನಿಲ್ಲಿಸು ಎನ್ನುವುದನ್ನು ಮರೆತರೆ, ಹರವಿ ತುಂಬಿ, ಮನೆ ತುಂಬಿ, ಮನೆಮಂದಿ ಅಟ್ಟ ಹತ್ತಿ ಕೂಗುವ ತನಕ ಸುರಿಯುತ್ತಲೇ ಇರುತ್ತದೆ. ಅದರದೇನೂ ತಪ್ಪಿಲ್ಲ. ಹೇಳಿದ್ದನ್ನು ಮಾಡುವುದೇ ಅದರ ನೇಮ.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಮಾತು. ಎಲ್ಲ ಮನೆ ತುಂಬಿದ ಮೇಲೆ ಉಳಿದ ನೀರಿಗೆ, "ಸಾಕು ತಾಯಿ, ಮನಿಗೆ ಹೋಗು" ಎಂದು ಹೇಳಿ ಕಳಿಸಿಕೊಡಬೇಕು. ಹೇಳದಿದ್ದರೆ ಅದು ಹೋಗುವುದಿಲ್ಲ. ಯಾರದೋ ಬಾಗಿಲಲ್ಲಿ, ಹೊರಡುವ ಹೊತ್ತು ಮರೆತ ಬೀಗರ ಹಾಗೆ ಕುಳಿತುಬಿಡುತ್ತದೆ. ಪಾಚಿ ಕಟ್ಟುತ್ತದೆ, ಸೊಳ್ಳೆ ಏಳುತ್ತವೆ, ಮರುದಿನ ಹೊಂಡದಲ್ಲಿ ಅಷ್ಟು ನೀರು ಕಡಿಮೆಯಾಗುತ್ತದೆ. ನಿಂಬೆವ್ವ ಆ ಮಾತನ್ನು ಒಂದು ದಿನವೂ ಮರೆತವಳಲ್ಲ. ಎರಡೂ ಕೈ ಜೋಡಿಸಿ, ತಲೆಯ ಮೇಲೆ ಸೆರಗು ಹೊದ್ದು, ಮಗಳನ್ನು ಕಳಿಸಿಕೊಡುವ ತಾಯಿಯ ದನಿಯಲ್ಲಿ ಹೇಳುತ್ತಿದ್ದಳು. ನಮ್ಮ ಮನೆಯ ದೇವರಜಗಲಿಯ ಮುಂದೆ ಅವಳು ಕೂತದ್ದು ಕಡಿಮೆ. ಅವಳ ಪೂಜೆ ಹೊಂಡದ ಮೆಟ್ಟಿಲ ಮೇಲೆಯೇ ಮುಗಿದಿರುತ್ತಿತ್ತು.

ಆ ಬೇವಿನ ಗಿಡ ನನ್ನ ಅಜ್ಜನ ಕಾಲಕ್ಕೇ ಬಿದ್ದುಹೋಗಿದೆ. "ಇಲ್ಲದ ಗಿಡಕ್ಕ ಯಾಕ ವಾಲಸ್ತೀ ಅದನ್ನ?" ಎಂದು ಒಮ್ಮೆ ಕೇಳಿದ್ದೆ. "ಅತ್ತಿ ಹಂಗ ಹೇಳಿಕೊಟ್ಟಾರ. ಬಿಟ್ರ ಏನಾಗ್ತೈತೋ ಯಾರು ಬಲ್ಲರು, ನೀವು ಜವಾಬ್ದಾರಿ ತಗೋತೀರೇನು?" ಎಂದಳು. ನಾನು ತೆಗೆದುಕೊಳ್ಳಲಿಲ್ಲ. ಹಾಗಾಗಿ ನಮ್ಮೂರಿನ ನೀರು ದಿನಾ ಆ ತಿರುವಿನಲ್ಲಿ ಯಾರಿಗೋ ನಮಸ್ಕಾರ ಮಾಡಿದ ಹಾಗೆ ವಾಲಿ ಮುಂದೆ ಹೋಗುತ್ತಿತ್ತು. ಇಂಥವು ನಡೆಸುಮಾತಿನಲ್ಲಿ ಬೇಕಾದಷ್ಟಿದ್ದವು. ಕೆಲವು ಹಿಂದಿನವರು ಇಟ್ಟದ್ದು, ಕೆಲವು ನಿಂಬೆವ್ವನೇ ಸೇರಿಸಿದ್ದು. ಮೇಲೋಣಿಯ ಫಕೀರವ್ವನಿಗೆ ಕೈ ನಡುಗುವ ರೋಗ. ಅವಳ ಮನೆಯಲ್ಲಿ ಮೆಲ್ಲಗೆ ಸುರಿ, ಹರವಿಯ ಬಾಯಿ ತನಕ ತುಂಬಬೇಡ. ಹಡೆದ ಮನೆಯಿದ್ದರೆ ಬಿಸಿಲು ಬಿದ್ದ ಕಲ್ಲಿನ ಮೇಲೆ ಸುತ್ತಿ ಬೆಚ್ಚಗಾಗಿ ಹೋಗು. ಇವನ್ನೆಲ್ಲ ನೀರು ಕೇಳಿತ್ತು, ನಿಂಬೆವ್ವ ಹೇಳಿದ್ದಳು, ಮೂರನೆಯವರಿಗೆ ಗೊತ್ತಿರಲಿಲ್ಲ. ನಾನು ಗಂಡ, ನಿದ್ದೆಯಲ್ಲಿ ಅವಳು ಬಡಬಡಿಸುವುದನ್ನು ಕೇಳಿ ಬಲ್ಲೆ.

ನಮ್ಮ ಮಗ ಈರಣ್ಣ ಗಾಡಿಯಲ್ಲಿ ಗಡಿಗೆ ತುಂಬಿಕೊಂಡು ಊರೂರು ತಿರುಗುವವನು. ಹಾಗೆ ತಿರುಗುತ್ತ ಮೇಲಿನ ಸೀಮೆಯ ಊರೊಂದರಲ್ಲಿ ಕಸ್ತೂರಿಯನ್ನು ನೋಡಿ ಬಂದ, ಲಗ್ನವಾಯಿತು. ಹುಡುಗಿ ಚೂಟಿ, ನಗುಮುಖದವಳು. ಮನೆತನದ ರೂಢಿಯ ಹಾಗೆ ನಿಂಬೆವ್ವ ಸೊಸೆಯನ್ನು ಹೊಂಡಕ್ಕೆ ಕರೆದುಕೊಂಡು ಹೋಗಿ ನಡೆಸುಮಾತು ಕಲಿಸಲು ಕುಳಿತಳು. ಕಸ್ತೂರಿ ಮನಸ್ಸಿಟ್ಟು ಕಲಿತಳು. ಆದರೆ ಮೊದಲ ಸಲ ತಾನೇ ಹೇಳಿದ ದಿನ ಊರಿನ ಹಿರಿಯರಾದ ರಾಚಯ್ಯನವರ ಮನೆಯಲ್ಲಿ ನಿಲ್ಲಿಸು ಎನ್ನುವುದನ್ನು ಬಿಟ್ಟಳು. ನೀರು ಅಡುಗೆಮನೆ ಹೊಕ್ಕು, ದೇವರಮನೆ ನೋಡಿಕೊಂಡು, ಅವರ ಹಾಸಿಗೆಯನ್ನು ಹೊತ್ತುಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ಬಂತು. ರಾಚಯ್ಯನವರು ಒದ್ದೆ ಧೋತರ ಎತ್ತಿ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. "ಹಾಲಪ್ಪ, ನಿನ್ನ ಸೊಸಿ ನನಗ ಜಳಕಾ ಮಾಡಿಸ್ಯಾಳ. ಛಲೋ ಆತು, ಮಾಡಬೇಕಂತ ಎದ್ದಿದ್ದೆ" ಎಂದರು. ಕಸ್ತೂರಿ ಒಳಗೆ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಅಳು ನಿಂತ ಮೇಲೆ ಅತ್ತೆಯ ಹತ್ತಿರ ಬಂದು ಹೇಳಿದಳು: "ಅತ್ತಿ, ನಮ್ಮ ತವರ ಕಡೆ ನೀರಿಗೆ ಇಷ್ಟೆಲ್ಲಾ ಹೇಳೂದಿಲ್ರಿ. ಅಲ್ಲಿ ಕರೆಮಾತು ಅಂತ ಬಂದೈತಿ. ಏನು ಬೇಕು ಅಂತ ಅಷ್ಟ ಹೇಳೂದು. ಹೆಂಗ ಬರಬೇಕು, ಎಲ್ಲಿ ಹೊರಳಬೇಕು, ಅದಕ್ಕ ತಿಳೀತೈತಿ. ತುಂಬಿದ ಮ್ಯಾಲ ತಾನಾಗೇ ಮನಿಗೆ ಹೋಗ್ತೈತ್ರಿ."

"ತಾನಾಗೇ? ಯಾರೂ ಕಳಿಸಿಕೊಡಾಂಗಿಲ್ಲ?"

"ಇಲ್ರಿ."

"ಪಾಪ" ಎಂದಳು ನಿಂಬೆವ್ವ. ನೀರಿನ ಬಗ್ಗೆ ಹೇಳಿದಳೋ ಆ ಸೀಮೆಯ ಮಂದಿಯ ಬಗ್ಗೆ ಹೇಳಿದಳೋ ತಿಳಿಯಲಿಲ್ಲ.

ಮಾತು ಅಲ್ಲಿಗೇ ಉಳಿಯುತ್ತಿತ್ತು. ಆದರೆ ಆ ಸಲದ ಚಳಿಗೆ ನಿಂಬೆವ್ವನಿಗೆ ಜ್ವರ ಬಂದು ಗಂಟಲು ಕಟ್ಟಿತು. ಪಿಸುಮಾತಿಗೆ ನೀರು ಏಳುವುದಿಲ್ಲ. ಊರಿನ ಹರವಿಗಳು ತಳ ಕಂಡವು. ಜನ ನಮ್ಮ ಬಾಗಿಲಿಗೆ ಬಂದು, ಜ್ವರ ಹೇಗಿದೆ ಎಂದು ಕೇಳಿ, ಹೋಗದೆ ನಿಂತರು. ಕಸ್ತೂರಿ ನನ್ನ ಮುಖ ನೋಡಿದಳು, ನಾನು ಹೊಂಡದ ಕಡೆ ನೋಡಿದೆ. ಅವಳು ಹೋಗಿ, ಮೆಟ್ಟಿಲ ಮೇಲೆ ನಿಂತು, ಊರಿನ ಮನೆಗಳ ಹೆಸರು ಹಿಡಿದು ಇವರಿಗೆ ನೀರು ಬೇಕು, ಅವರಿಗೆ ನೀರು ಬೇಕು ಎಂದು ತನ್ನ ತವರಿನ ಮಾತಿನಲ್ಲಿ ಕರೆದಳು. ನಾವು ಒಲೆಗೆ ಕಟ್ಟಿಗೆ ಇಡುವಷ್ಟರಲ್ಲಿ ಊರು ತುಂಬಿತ್ತು. ನೀರು ಒಂದೇ ದಾರಿಯಲ್ಲಿ ಬಂದಿರಲಿಲ್ಲ. ಎಲ್ಲ ಓಣಿಗೂ ಒಮ್ಮೆಗೇ ಹೊಕ್ಕು, ಗೋಡೆ ಹಾರಿ, ಹಿತ್ತಲು ದಾಟಿ, ತನಗೆ ಹತ್ತಿರ ಕಂಡಲ್ಲಿಂದ ಹೋಗಿತ್ತು. ಬೇವಿನ ತಿರುವಿನಲ್ಲಿ ವಾಲಲಿಲ್ಲ. ಏನೂ ಆಗಲಿಲ್ಲ.

ಜ್ವರ ಬಿಟ್ಟ ಮೇಲೆ ರಾಚಯ್ಯನವರು ನಾಲ್ಕು ಮಂದಿ ಹಿರಿಯರನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದರು. ಫಕೀರವ್ವನೂ ಬಂದಳು, ಅವಳನ್ನು ಯಾರೂ ಕರೆದಿರಲಿಲ್ಲ. ರಾಚಯ್ಯನವರು ಬಹಳ ಮೆಲ್ಲಗೆ ಶುರುಮಾಡಿದರು. "ನಿಂಬೆವ್ವ, ನಿನ್ನ ಮಾತಿಗೆ ಊರು ಬದುಕೈತಿ, ಅದರಾಗ ಎರಡಿಲ್ಲ. ಆದ್ರ ನಿನ್ನ ಗಂಟಲು ಕಟ್ಟಿದ್ರ ಊರಿನ ಗಂಟಲು ಒಣಗತೈತಿ. ನಡೆಸುಮಾತು ಬಲ್ಲಾಕಿ ನೀ ಒಬ್ಬಾಕಿ. ಸುತ್ತ ಯಾವ ಊರಾಗೂ ಈಗ ಅದು ಇಲ್ಲ. ನಿನ್ನ ಹಿಂದ ಯಾರು? ಕರೆಮಾತು ಒಂದು ಮಧ್ಯಾಹ್ನಕ್ಕ ಎಲ್ಲರಿಗೂ ಬರತೈತಂತ. ಅವರವರ ಬಾಗಿಲಾಗ ನಿಂತು ಅವರವರ ನೀರು ಕರಕೋಬಹುದಂತ."

"ಹಂಗಾದ್ರ ನೀರುಗಂಟಿ ಯಾಕ ಬೇಕು ಅಂತ ಕೇಳಬೇಕಲ್ಲ, ಅದನ್ನ ಯಾರೂ ಬಾಯಿ ಬಿಟ್ಟು ಕೇಳವಲ್ಲರು" ಎಂದಳು ಫಕೀರವ್ವ.

"ನೀ ಸುಮ್ನಿರ ಬೇ."

"ಸುಮ್ನಿರಾಕ ಬರ್ತಿದ್ರ ಗಂಡ ಇನ್ನೊಂದು ನಾಕು ದಿನಾ ಬಾಳತಿದ್ದ."

ಜಗಲಿ ನಕ್ಕಿತು. ನಿಂಬೆವ್ವ ನಗಲಿಲ್ಲ. ಒಂದೇ ಹೊಂಡದಲ್ಲಿ ಎರಡು ಮಾತು ಬಹಳ ದಿನ ನಡೆಯುವುದಿಲ್ಲ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾವುದಾದರೂ ಒಂದೇ ಇರಬೇಕು, ಮತ್ತು ಒಮ್ಮೆ ಬಿಟ್ಟ ಮಾತನ್ನು ನೀರು ಮರೆತುಬಿಡುತ್ತದೆ. "ಮುಂದಿನ ಹುಣ್ಣಿಮಿಗೆ ನೀನ ಹೇಳವಾ" ಎಂದರು ರಾಚಯ್ಯನವರು. "ನೀ ಹೇಳಿದ್ದ ಮಾತು. ನಡೆಸುಮಾತ ಇರಲಿ ಅಂದ್ರ ಅದ ಇರಲಿ, ಕಷ್ಟಾನೋ ಸುಖಾನೋ ನೋಡಿಕೋತೀವಿ."

ತೀರ್ಮಾನ ಅವಳಿಗೇ ಬಿಟ್ಟದ್ದು, ಅವರೇ ತೀರ್ಮಾನಿಸಿ ಹೋಗಿದ್ದರೆ ಆಗುತ್ತಿದ್ದುದಕ್ಕಿಂತ ಕಷ್ಟವಾಯಿತು. ನಾನು ಚಕ್ರದ ಮುಂದೆ ಕೂತು ನೋಡುತ್ತಿದ್ದೆ. ನಿಂಬೆವ್ವ ಹೊಂಡದಿಂದ ಬಂದು ಒದ್ದೆ ಸೀರೆ ಹಿಂಡುತ್ತ ಎಲ್ಲಿಯೋ ನೋಡುತ್ತ ನಿಂತುಬಿಡುತ್ತಿದ್ದಳು. ಅವಳ ಬೆಳಗುಗಳನ್ನು ತೆಗೆದುಬಿಟ್ಟರೆ ಅವಳಲ್ಲಿ ಏನು ಉಳಿಯುತ್ತದೆ ಎಂದು ನನಗೂ ಅಂಜಿಕೆಯಾಗಿತ್ತು. ಕೈಯಿಂದ ಜಪಮಣಿ ಕಿತ್ತುಕೊಂಡು, ಇನ್ನು ಮೇಲೆ ಮಣಿ ತಾವೇ ತಿರುಗುತ್ತವೆ, ನೀನು ಕುಳಿತಿರು ಎಂದ ಹಾಗಲ್ಲವೆ? ಕಸ್ತೂರಿ ಅಂತೂ ಅಪರಾಧ ಮಾಡಿದವಳ ಹಾಗೆ ಮೂಲೆ ಹಿಡಿದಿದ್ದಳು.

ನಿಂಬೆವ್ವ ಅವಳನ್ನು ಮೂಲೆಯಿಂದ ಎಬ್ಬಿಸಿದಳು. "ಏಳ ಮಗಳ, ಕಲಿಸು ಬಾ ನಿನ್ನ ಕರೆಮಾತು. ರುಚಿ ನೋಡದ ಒಲ್ಲೆ ಅನ್ನೂದು ಅನ್ನಕ್ಕ ಮಾಡೋ ಅವಮಾನ." ಅತ್ತೆ ಶಿಷ್ಯಳಾದಳು, ಸೊಸೆ ಗುರುವಾದಳು. ಅವರಿಬ್ಬರೂ ಹಿತ್ತಲಲ್ಲಿ ಒಂದು ಬೋಗುಣಿ ನೀರಿಟ್ಟುಕೊಂಡು ಕಲಿಯುವುದನ್ನು ನೋಡಿದರೆ ನಗು ಬರುತ್ತಿತ್ತು. ನಿಂಬೆವ್ವ ಕರೆಮಾತಿನಲ್ಲಿ ನೀರು ಬೇಕು ಎಂದು ಕರೆದು, ಅದು ಬೋಗುಣಿಯಿಂದ ಏಳುವಷ್ಟರಲ್ಲಿ, "ಬಲಕ್ಕ ನೋಡಿಕೊಂಡು, ಕಲ್ಲು ಐತಿ" ಎಂದು ಸೇರಿಸುತ್ತಿದ್ದಳು. ನೀರು ಗಾಳಿಯಲ್ಲಿ ಗೊಂದಲಕ್ಕೆ ಬಿದ್ದು ನಿಲ್ಲುತ್ತಿತ್ತು. "ಅತ್ತಿ, ಅದಕ್ಕ ಕಣ್ಣು ಅದಾವ್ರಿ" ಎನ್ನುತ್ತಿದ್ದಳು ಕಸ್ತೂರಿ. "ಇದ್ರೂ ಹೇಳಬೇಕವಾ. ಈರಣ್ಣಗೂ ಕಣ್ಣು ಅದಾವ, ಎಡವೂದಿಲ್ಲೇನು?" ಮೆಲ್ಲಮೆಲ್ಲಗೆ ಆ ಚಾಳಿ ಬಿಟ್ಟಳು. ಕಲ್ಲಿನ ಬಗ್ಗೆ ಹೇಳುವುದನ್ನು ಬಿಟ್ಟಳು, ತಿರುವುಗಳನ್ನು ಬಿಟ್ಟಳು, ಬೇವಿನ ಗಿಡವನ್ನೂ ಬಿಟ್ಟಳು.

ಹುಣ್ಣಿಮೆ ಹತ್ತಿರ ಬಂದಾಗ ತಾನೇ ಹೊಂಡಕ್ಕೆ ಹೋಗಿ ಒಂದು ದಿನ ಕರೆಮಾತಿನಲ್ಲಿ ಊರು ತುಂಬಿಸಿ ನೋಡುತ್ತೇನೆ ಎಂದಳು. ಕಸ್ತೂರಿ ಜೊತೆಗೆ ಹೋದಳು. ಹೆಸರು ಹೆಸರು ಹಿಡಿದು ಕರೆದಳು ನಿಂಬೆವ್ವ. ನೀರು ಎದ್ದು ಹೋಯಿತು, ಎಲ್ಲ ಮನೆ ತುಂಬಿತು, ಯಾರೂ ಹೇಳದೆ ತಿರುಗಿ ಬಂದು ಹೊಂಡದಲ್ಲಿ ಮಲಗಿತು. ಒಂದು ಕುಂದಿಲ್ಲ. ಕಸ್ತೂರಿ ಸಂತೋಷದಿಂದ ಅತ್ತೆಯ ಕೈ ಹಿಡಿದುಕೊಳ್ಳಲು ಹೋದಳು. ಆದರೆ ಆ ಕೈಗಳು ಆಗಲೇ ಕೂಡಿಕೊಂಡಿದ್ದವು. ಸೆರಗು ತಲೆಯ ಮೇಲೆ ಬಂದಿತ್ತು. ಬಂದವರು ಹೊರಟು ನಿಂತಾಗ ಸುಮ್ಮನೆ ಕುಳಿತಿರುವುದು ನಿಂಬೆವ್ವನ ಜನ್ಮದಲ್ಲೇ ಇಲ್ಲ. "ಸಾಕು ತಾಯಿ, ಮನಿಗೆ ಹೋಗು" ಎಂದುಬಿಟ್ಟಳು.

ಮನೆಯಲ್ಲೇ ಇದ್ದ ನೀರು ಆ ಮಾತು ಕೇಳಿತು. ಕೇಳಿ, ಎದ್ದು, ಹೊಂಡದ ತಳದ ಬಿರುಕಿನಲ್ಲಿ ಇಳಿದು ಹೊರಟುಹೋಯಿತು.

ಕಸ್ತೂರಿ ಓಡಿ ಬಂದು ಹೇಳಿದಾಗ ನಾನು ಮಣ್ಣಿನ ಕೈಯಲ್ಲೇ ಹೋದೆ. ಊರೆಲ್ಲ ಹೋಯಿತು. ಹೊಂಡದ ತಳವನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ನಾವು ಕಾಣದಿದ್ದ ಮೆಟ್ಟಿಲುಗಳು ಕೆಳಗೆ ಕೆಳಗೆ ಹೋಗಿದ್ದವು, ತಳದಲ್ಲಿ ಗಡಿಗೆಯ ಚೂರುಗಳು ಹಾಸಿಕೊಂಡು ಬಿದ್ದಿದ್ದವು. ಕೆಲವುಗಳ ಮೇಲೆ ನಮ್ಮ ಮನೆತನದ ಹೆಬ್ಬೆರಳಿನ ಗುರುತಿತ್ತು. ನನ್ನ ಅಜ್ಜ, ಮುತ್ತಜ್ಜಂದಿರು ಅಲ್ಲಿ ಕೆಸರಿನಲ್ಲಿ ಮಲಗಿಕೊಂಡು ಮೇಲೆ ನೋಡುತ್ತಿದ್ದಾರೆ ಎನ್ನಿಸಿತು. ನಿಂಬೆವ್ವ ಮೆಟ್ಟಿಲ ಮೇಲೆ ಕುಳಿತಿದ್ದಳು. ಅವಳ ಮುಖ ನೋಡಲಾಗಲಿಲ್ಲ.

"ಎಲ್ಲಿಗೆ ಹೋತವಾ ಅದು?" ಎಂದರು ರಾಚಯ್ಯನವರು.

"ಮನಿಗೆ ಬಂದಿತ್ರಿ" ಎಂದಳು ಕಸ್ತೂರಿ. "ಮತ್ತ ಮನಿಗೆ ಹೋಗು ಅಂದ್ರು. ಮನ್ಯಾಗ ಇದ್ದಾಕಿಗೆ ಮನಿಗೆ ಹೋಗು ಅಂದ್ರ ಆಕಿ ಎಲ್ಲಿಗೆ ಹೋಗಬೇಕ್ರಿ?"

ಫಕೀರವ್ವ ಹೇಳಿದಳು: "ಇನ್ನೆಲ್ಲಿಗೆ ಹೋಗ್ತಾಳ? ತವರಿಗೆ ಹೋಗ್ಯಾಳ."

ಆ ಮಾತು ಎಲ್ಲರಿಗೂ ಸರಿ ಎನ್ನಿಸಿತು. ಅಲ್ಲಿದ್ದ ಹೆಂಗಸರಿಗಂತೂ ಒಂದು ನಮೂನೆ ಸಮಾಧಾನವೂ ಆಯಿತು. ಸತ್ತಿಲ್ಲ, ಸಿಟ್ಟಾಗಿಲ್ಲ, ತವರಿಗೆ ಹೋಗಿದೆ. ಆದರೆ ತವರಿನಿಂದ ಕರೆದುಕೊಂಡು ಬರಬೇಕಲ್ಲ. ನಿಂಬೆವ್ವ ಎದ್ದು ನಿಂತು ನಡೆಸುಮಾತಿನಲ್ಲಿ ಏಳು ಎಂದಳು. ಮುಂದಿನ ಮಾತಿಗೆ ಬಾಯಿ ತೆರೆದು ಹಾಗೇ ನಿಂತಳು. ಎಲ್ಲಿಂದ ಏಳಬೇಕು, ಯಾವ ಕಡೆ ಹೊರಳಬೇಕು? ಗುಡ್ಡದ ಹೊಟ್ಟೆಯೊಳಗಿನ ದಾರಿ ಅವಳು ಕಂಡದ್ದಲ್ಲ, ಅವಳ ಅತ್ತೆಯೂ ಕಂಡದ್ದಲ್ಲ. ದಾರಿ ಗೊತ್ತಿಲ್ಲದ ಕಡೆ ನಡೆಸುಮಾತಿಗೆ ಬಾಯಿಯೇ ಇಲ್ಲ. ಅವಳು ಸೊಸೆಯ ಕಡೆ ತಿರುಗಿದಳು. "ನೀ ಕರೀ ಮಗಳ. ನಿನ್ನ ಮಾತಿಗೆ ದಾರಿ ಬೇಕಿಲ್ಲ."

ಕಸ್ತೂರಿ ಕರೆದಳು. ನೀರು ಬರಲಿಲ್ಲ. ಗಂಟಲು ಹರಿಯುವ ಹಾಗೆ ಕರೆದಳು. ಬಿರುಕಿನಲ್ಲಿ ಗಾಳಿಯೂ ಅಲುಗಲಿಲ್ಲ. ಹೊಂಡದಲ್ಲಿ ಮಲಗಿದ್ದಾಗ ಯಾರು ಕರೆದರೂ ಏಳುತ್ತಿತ್ತು, ನಿಜ. ಅಷ್ಟು ದೂರಕ್ಕೆ ಹೊಸಬಳ ದನಿ ಗುರುತು ಹತ್ತಬೇಕಲ್ಲ. ಮನೆಗಳ ಹರವಿಯಲ್ಲಿ ತುಂಬಿದ್ದ ನೀರು ಇತ್ತು. ಜನ ಅದನ್ನು ಮುಚ್ಚಿಟ್ಟು, ಚಂಬಿನಲ್ಲಿ ಅಳೆದು ಬಳಸತೊಡಗಿದರು. ನಿಂಬೆವ್ವ ಮೆಟ್ಟಿಲು ಬಿಟ್ಟು ಏಳಲಿಲ್ಲ. ನಾನು ತಂಬಿಗೆ ಹಿಡಿದು ಹೋದರೆ, "ಊರಿಂದು ಅದು, ಇಡ್ರಿ" ಎಂದು ಮುಟ್ಟಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವಳ ತುಟಿ ಒಡೆದಿತ್ತು. ಆಗ ಕಸ್ತೂರಿ ಅವಳ ಕಾಲ ಬಳಿ ಹೋಗಿ ಕೂತಳು. ನಾನು, ರಾಚಯ್ಯನವರು, ಫಕೀರವ್ವ ಒಂದು ಮೆಟ್ಟಿಲು ಮೇಲೆ ಇದ್ದೆವು.

"ಅತ್ತಿ, ನೀವ ಕರೀರಿ. ಅದಕ್ಕ ಗೊತ್ತಿರೂದು ನಿಮ್ಮ ದನಿ ಒಂದ."

ನಿಂಬೆವ್ವ ಕರೆಮಾತಿನಲ್ಲಿ ಕರೆದಳು. ಊರಿಗೆ ನೀರು ಬೇಕು ಎಂದಳು. ಸ್ವಲ್ಪ ತಡೆದು, ಫಕೀರವ್ವನಿಗೆ ಬೇಕು ಎಂದಳು. ಹಡೆದ ಮನೆಗೆ ಬೇಕು, ದನಗಳಿಗೆ ಬೇಕು, ಗುಡಿಗೆ ಬೇಕು. ಒಂದೊಂದಕ್ಕೂ ಕಾದೆವು. ಏನೂ ಇಲ್ಲ.

"ಹಂಗಲ್ರಿ ಅತ್ತಿ. ಹತ್ರ ಇದ್ದಾಗ ಮತ್ತೊಬ್ಬರ ಹೆಸರು ಹೇಳಿದ್ರೂ ನಡೀತೈತಿ. ದೂರದಿಂದ ಕರೆಯೂವಾಗ ಕರೆಯೂವರ ಸ್ವಂತ ಬಯಕಿ ಅಷ್ಟ ಅದಕ್ಕ ಕೇಳಸ್ತೈತಿ. ನಿಮಗ ಏನು ಬೇಕು ಅದನ್ನ ಹೇಳ್ರಿ."

"ನನಗೇನು ಬೇಕವಾ? ನನಗೇನೂ ಬ್ಯಾಡ."

"ಏನೂ ಬ್ಯಾಡ ಅನ್ನಾಕಿ ಕರದ್ರ ತವರು ಬಿಟ್ಟು ಯಾರು ಬರ್ತಾರ?" ಎಂದಳು ಫಕೀರವ್ವ. "ನಾ ಆಗಿದ್ರೂ ಬರತಿದ್ದಿಲ್ಲ."

ನಿಂಬೆವ್ವ ನನ್ನ ಕಡೆ ನೋಡಿದಳು. ನನಗೆ ಆಗ ತಿಳಿಯಿತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಬೇಕು ಎಂದದ್ದನ್ನು ನಾನು ಕೇಳಿಲ್ಲ. ಜಾತ್ರೆಗೆ ಹೋದಾಗ ಏನು ತರಲಿ ಎಂದರೆ ಈರಣ್ಣಗೆ ಒಂದು ಅಂಗಿ ತನ್ನಿರಿ ಎನ್ನುತ್ತಿದ್ದಳು. ಹಸಿವೆಯೇ ಎಂದರೆ ನಿಮ್ಮದಾಯಿತೇ ಎನ್ನುತ್ತಿದ್ದಳು. ಬೆಳಗಾದರೆ ಊರಿನ ಬಯಕೆಯನ್ನೆಲ್ಲ ಬಾಯಿತುಂಬ ಹೇಳುವವಳ ನಾಲಿಗೆಗೆ ಅದೊಂದು ಮಾತು ಮಾತ್ರ ರೂಢಿಯೇ ಇರಲಿಲ್ಲ. ನಡೆಸುಮಾತಿನಲ್ಲಿ ಅದರ ಅಗತ್ಯವೂ ಬೀಳುವುದಿಲ್ಲ. ಅಲ್ಲಿ ಹೇಳುವವಳು ಎಲ್ಲಿಯೂ ಬರುವುದಿಲ್ಲ. ಅವಳಿಗೆ ನಾಚಿಕೆಯಾಗುತ್ತಿತ್ತು. ಹೊಸ ಮದುವಣಗಿತ್ತಿಗೆ ಗಂಡನ ಹೆಸರು ಹೇಳು ಎಂದರೆ ಹೇಗಾಗುತ್ತದೋ ಹಾಗೆ, ಸೆರಗು ಬಾಯಿಗೆ ಒತ್ತಿಕೊಂಡಳು.

"ಹೇಳವಾ" ಎಂದರು ರಾಚಯ್ಯನವರು. "ದೇವರ ಮುಂದ ಬೇಡಾಕ ನಾಚಿದ್ರ ಹೆಂಗ? ನಾವೆಲ್ಲಾ ದಿನಾ ಬೇಡ್ತೀವಿ, ನಾಚಿಕಿ ಬಿಟ್ಟು."

ಅವಳು ಸೆರಗು ಕೆಳಗೆ ಬಿಟ್ಟಳು. ಬಿರುಕಿನ ಕಡೆ ಬಾಗಿ, ಕೈ ಜೋಡಿಸದೆ, ಮೆಟ್ಟಿಲ ಮೇಲೆ ಎರಡೂ ಅಂಗೈ ಊರಿ ಹೇಳಿದಳು: "ನನಗ ನೀರಡಿಕಿ ಆಗೈತಿ." ಆಮೇಲೆ ನಮ್ಮನ್ನೆಲ್ಲ ಮರೆತ ದನಿಯಲ್ಲಿ, "ನೀ ಇಲ್ಲದ ನನಗ ಬೆಳಗ ಆಗವಲ್ಲದು. ಊರಿಗೆ ಅಲ್ಲ, ನನಗ. ನೀ ನನಗ ಬೇಕು. ಬಾ" ಎಂದಳು.

ಕೆಸರಿನಲ್ಲಿ ಒಂದು ಗಡಿಗೆ ಚೂರು ಅಲುಗಿತು. ಬಿರುಕಿನಿಂದ ಒಂದು ಗುಟುಕಿನಷ್ಟು ನೀರು ಎದ್ದು ಬಂತು, ಊರಿಗಾಗುವಷ್ಟಲ್ಲ, ಒಬ್ಬರಿಗೆ ಆಗುವಷ್ಟು. ಅದು ಆ ಕಾಣದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಬಂದು ಅವಳು ಒಡ್ಡಿದ ಬೊಗಸೆಯಲ್ಲಿ ಕೂತಿತು. ಅವಳು ಕುಡಿದಳು. ಕುಡಿದು ಮುಗಿಸುವಷ್ಟರಲ್ಲಿ ಅದರ ಹಿಂದೆ ಉಳಿದದ್ದೆಲ್ಲ ಬಂದಿತ್ತು. ನಾವು ಕಾಲು ಎತ್ತಿಕೊಂಡು ಮೇಲಿನ ಮೆಟ್ಟಿಲಿಗೆ ಓಡಬೇಕಾಯಿತು. ಫಕೀರವ್ವ ಓಡಲಿಲ್ಲ. ಸೊಂಟದ ತನಕ ನೀರಿನಲ್ಲಿ ಕುಳಿತು, "ಬಂದೇನ, ನನ ತಾಯಿ, ಬಂದೇನ" ಎಂದು ಅಳುತ್ತಿದ್ದಳು.

ಹುಣ್ಣಿಮೆಯ ದಿನ ಜಗಲಿಯ ಮೇಲೆ ಕೇಳಿದಾಗ ನಿಂಬೆವ್ವ ತಡಮಾಡಲಿಲ್ಲ. "ಕರೆಮಾತ ಇರಲಿ. ನಡೆಸುಮಾತು ಕಂಡ ದಾರ್ಯಾಗ ಅಷ್ಟ ನಡಸ್ತೈತಿ. ಕಾಣದ ಕಡೆಯಿಂದ ನೀರನ್ನ ತಿರುಗಿ ತಂದದ್ದು ಇದು." ಕಸ್ತೂರಿ ಅತ್ತಳು, ನಿಂಬೆವ್ವ ಅವಳ ತಲೆ ನೇವರಿಸಿದಳು. ಆಮೇಲೆ ಕಸ್ತೂರಿ ಮನೆಮನೆಗೂ ಹೋಗಿ ಕಲಿಸಿದಳು. ಎಲ್ಲ ಸಲೀಸಾಗಿ ಆಯಿತು ಎಂದು ಹೇಳಲಾರೆ. "ನನ್ನ ಕೈ ನಡುಗ್ತಾವ ಅಂತ ಬಾಗಿಲಾಗ ನಿಂತು ಓಣಿಗೆಲ್ಲಾ ಕೇಳೂ ಹಂಗ ನಾನ ಕೂಗಬೇಕೇನ?" ಎಂದು ಫಕೀರವ್ವ ಜಗಳ ತೆಗೆದಳು. ಅವಳ ಹರವಿ ಕೆಲವು ದಿನ ಬಾಯಿ ತನಕ ತುಂಬಿ ಅವಳ ಕೈಯಲ್ಲಿ ಚೆಲ್ಲಿತು. ಒಂದು ದಿನ ಕೂಗಿಯೇ ಹೇಳಿದಳು. ಓಣಿ ಕೇಳಿತು. ಪಕ್ಕದ ಮನೆಯವಳು ಬಂದು ಅವಳ ಹರವಿಯಿಂದ ಗಡಿಗೆಗೆ ನೀರು ಬಗ್ಗಿಸಿಕೊಟ್ಟು ಹೋದಳು, ಈಗ ದಿನಾ ಬರುತ್ತಾಳೆ, ಫಕೀರವ್ವ ದಿನಾ ಬೈಯುತ್ತಾಳೆ.

ನಿಂಬೆವ್ವ ಮಾತ್ರ ಮೊದಲಿನ ಹೊತ್ತಿಗೇ ಏಳುತ್ತಿದ್ದಳು. ಹೋಗುವ ಕಡೆ ಇಲ್ಲದ್ದರಿಂದ ಜಗಲಿಯ ಮೇಲೆ ಕುಳಿತು ನೀರು ತನ್ನ ಪಾಡಿಗೆ ಓಣಿ ಹತ್ತುವುದನ್ನು ನೋಡುತ್ತಿದ್ದಳು. ಕೈ ಎರಡೂ ಮಡಿಲಲ್ಲಿ ಇರುತ್ತಿದ್ದವು. ನಾನು ಏನಾದರೂ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಹೇಳುವ ಬದಲು ಚಕ್ರ ತಿರುಗಿಸುತ್ತಿದ್ದೆ.

ಹಾಗೆ ಒಂದು ಬೆಳಿಗ್ಗೆ ಅವಳು ಬಂದು ನನ್ನ ಚಕ್ರದ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು. ನಾನು ಚಕ್ರ ನಿಲ್ಲಿಸಿದೆ.

"ನನಗ ಒಂದು ಗಡಿಗಿ ಬೇಕ್ರಿ" ಎಂದಳು.

ಕುಂಬಾರರ ಮನೆಯಲ್ಲಿ ಒಳ್ಳೆಯ ಗಡಿಗೆ ಉಳಿಯುವುದಿಲ್ಲ. ಬಾಯಿ ಮುರಿದದ್ದು, ಸುಡುವಾಗ ಕಪ್ಪು ಹಿಡಿದದ್ದು, ಯಾರೂ ಕೊಳ್ಳದ್ದು, ಅಂಥವೇ ನಮ್ಮ ಅಡುಗೆಮನೆಗೆ ಹೋಗುತ್ತವೆ. ಅವಳು ನನ್ನ ಮನೆಗೆ ಬಂದಾಗಿನಿಂದ ಸೊಟ್ಟ ಗಡಿಗೆಯಲ್ಲೇ ನೀರು ಕುಡಿದವಳು.

"ಎಂಥದು ಬೇಕು? ಎಷ್ಟು ದೊಡ್ಡದು? ಕುತ್ತಿಗಿ ಉದ್ದ ಇರಲೋ, ಗಿಡ್ಡ ಇರಲೋ? ಕೆಂಪು ಮಣ್ಣಿಂದೋ, ಕರೇ ಮಣ್ಣಿಂದೋ? ಬಾಯಿ ಎಷ್ಟು ಅಗಲ ಇಡಲಿ?" ಎಂದು ಒಂದೇ ಉಸಿರಿನಲ್ಲಿ ಕೇಳಿದೆ.

ನಿಂಬೆವ್ವ ನಕ್ಕಳು. ಆ ಚಳಿಯ ನಂತರ ಅವಳು ನಕ್ಕದ್ದನ್ನು ಅಂದೇ ನೋಡಿದ್ದು.

"ಅದೆಲ್ಲಾ ನಾ ಹೇಳಾಕಿ ಅಲ್ಲ. ಬೇಕು ಅಂತ ಹೇಳೀನಿ. ಹೆಂಗ ಅನ್ನೂದು ನಿಮಗ ಬಿಟ್ಟದ್ದು."

ಎದುರಿಗೇ ಕುಳಿತಳು, ಕಾಯುವವರು ಕುಳಿತುಕೊಳ್ಳುವ ಹಾಗೆ. ನಾನು ಚಕ್ರದ ಮೇಲಿದ್ದ ಮಣ್ಣನ್ನು ತೆಗೆದಿಟ್ಟು, ಹೊಸ ಮಣ್ಣು ತುಳಿಯಲು ಎದ್ದೆ.